ಸ್ಪಷ್ಟನೆ: ರಿವಾಲ್ವರ್ ಸಿಲಿಂಡರಿನ ಮೇಲಿನ 1855, ತಯಾರಾದ ವರ್ಷವಲ್ಲ

‘ಏಪ್ರಿಲ್ 3, 1855’ ಎಂಬ ಅಚ್ಚಿರುವ ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಅಮೆರಿಕದ ಪೇಟೆಂಟ್ ಕಚೇರಿಗೆ ಕೊಟ್ಟ ಮೂಲ ಮಾದರಿ ಎಂಬ ಸಂದೇಶ ಓಡಾಡುತ್ತಿದೆ. ಅದು ತಪ್ಪು.

ಆ ದಿನಾಂಕ ಅಮೆರಿಕದ ಸಂಶೋಧಕ ರೋಲಿನ್ ವೈಟ್‌ಗೆ ಪೇಟೆಂಟ್ ಸಿಕ್ಕ ದಿನದ್ದು: ಹಿಂದಿನಿಂದ ಗುಂಡು ತುಂಬಲು ಸಿಲಿಂಡರಿಗೆ (ಗುಂಡುಗಳು ಕೂರುವ, ತಿರುಗುವ ಭಾಗ) ಈ ತುದಿಯಿಂದ ಆ ತುದಿಯವರೆಗೆ ರಂಧ್ರ ಕೊರೆಯುವ ವಿಧಾನಕ್ಕೆ. ಸ್ಮಿತ್ ಅಂಡ್ ವೆಸನ್ ಆ ಹಕ್ಕು ಪಡೆದು ರಿವಾಲ್ವರ್ ತಯಾರಿಕೆ ಶುರು ಮಾಡಿದ್ದೇ 1857ರಲ್ಲಿ. ಮುಂದೆ ಕಾರ್ಖಾನೆಯಿಂದ ಸಾವಿರಗಟ್ಟಲೆ ಹೊರಬಂದ ರಿವಾಲ್ವರ್‌ಗಳ ಮೇಲೂ ಅದೇ ದಿನಾಂಕವಿದೆ. ಸಿಲಿಂಡರ್ ತಿರುಗಿಸಿ ನೋಡಿ: ಹಲವದರಲ್ಲಿ ಪಕ್ಕದಲ್ಲೇ ಜುಲೈ 5, 1859 ಮತ್ತು ಡಿಸೆಂಬರ್ 18, 1860 ಕೂಡ ಇರುತ್ತವೆ. 1860ರ ದಿನಾಂಕ ಹೊತ್ತದ್ದು 1855ರ ಮಾದರಿಯಾಗಲು ಸಾಧ್ಯವೇ ಇಲ್ಲ.

ನಿಜವಾದ ಪೇಟೆಂಟ್ ಮಾದರಿಗೆ ಸಂಶೋಧಕರ ಹೆಸರಿನ ಚೀಟಿ ಕಟ್ಟಿರುತ್ತಿತ್ತು. ಇಂಥವು ಅಪರೂಪ, ಪೇಟೆಂಟ್ ಕಚೇರಿಯಲ್ಲಿ ಬಿದ್ದ 1836 ಮತ್ತು 1877ರ ಬೆಂಕಿಯಲ್ಲೇ ಸಾವಿರಾರು ಮಾದರಿಗಳು ನಾಶವಾದವು. ಆದ್ದರಿಂದ ಅಚ್ಚೊಂದನ್ನೇ ನಂಬಿ ಹಣ ಕೊಡಬೇಡಿ, ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ.