ಆಧಾರ್‌ಗೆ ಒಂದು ಕೂಡಿಸಿ

ಆಸ್ತಿಯ ವಿವರ ತುಂಬಲೆಂದು ಮೊನ್ನೆ ಒಂದು ಕಚೇರಿಯ ಆನ್‌ಲೈನ್ ಅರ್ಜಿಯ ಮುಂದೆ ಕುಳಿತೆ. ಆಧಾರ್ ಸಂಖ್ಯೆಯ ಚೌಕದ ಬಲಬದಿಯಲ್ಲಿ ಎರಡು ಪುಟ್ಟ ಬಾಣಗಳು, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಸುಮ್ಮನಿರಲಾರದೆ ಮೇಲಿನದನ್ನು ಒತ್ತಿದೆ. ನನ್ನ ಆಧಾರ್ ಒಂದು ಹೆಚ್ಚಾಯಿತು! ಪಿಂಚಣಿ ಏರದ ಕಾಲದಲ್ಲಿ ಇದಾದರೂ ಏರಿತಲ್ಲ ಎಂದು ಹಿಗ್ಗುವಂತಿಲ್ಲ. ಆ 12 ಅಂಕಿಗಳಲ್ಲಿ ಕೊನೆಯದು ಉಳಿದ 11ರಿಂದ ಲೆಕ್ಕ ಹಾಕಿ ಕೂರಿಸಿದ ತಾಳೆಯ ಅಂಕಿ; ಅದೊಂದೇ ಬದಲಾದರೆ ಇಡೀ ಸಂಖ್ಯೆ ಸುಳ್ಳು. ಸರಿಯಿದ್ದುದನ್ನು ಒಂದೇ ಒತ್ತಿಗೆ ಕೆಡಿಸುವ ಸೌಲಭ್ಯವನ್ನು ಪುಕ್ಕಟೆಯಾಗಿ ಕೊಟ್ಟಿದ್ದಾರೆ.

ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ.

“ಆಧಾರ್ ನಂಬರ್ ತಾನೇ ಮಾವ? ಅದಕ್ಕೇ ‘ನಂಬರ್’ ಚೌಕ ಹಾಕಿದ್ದಾರೆ.”

ಬಸ್ಸಿಗೂ ನಂಬರ್ ಇದೆಯಪ್ಪಾ, ಹಾಗೆಂದು ಎರಡು ಬಸ್ಸುಗಳನ್ನು ಕೂಡಿಸಿ ಮೂರನೆಯದನ್ನು ಹತ್ತುತ್ತೇವೆಯೇ? ಬಾಣ ಒತ್ತಿ ಏರಿಸಿ ಇಳಿಸುವುದಕ್ಕೆ ಅರ್ಥವಿದ್ದರಷ್ಟೇ ಈ ಚೌಕ ಬಳಸಿ, ಕ್ರೆಡಿಟ್ ಕಾರ್ಡ್ ಸಂಖ್ಯೆಗೆಲ್ಲ ಬೇಡ ಎಂದು ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ನಿಯಮಾವಳಿಯೇ ಹೇಳುತ್ತದೆ. ಸಾದಾ ಅಕ್ಷರದ ಚೌಕವಿಟ್ಟು ‘ಇನ್‌ಪುಟ್‌ಮೋಡ್’ ಎಂಬಲ್ಲಿ ‘ನ್ಯೂಮೆರಿಕ್’ ಎಂದು ಬರೆದರೆ ಮೊಬೈಲಿನಲ್ಲಿ ಅಂಕಿಗಳ ಕೀಲಿಮಣೆ ತಾನಾಗಿ ಬರುತ್ತದೆ, ಬಾಣಗಳ ಕಾಟವೂ ಇರುವುದಿಲ್ಲ.

ಇನ್ನು, ನಿಜಕ್ಕೂ ಅಳತೆ ಕೇಳುವ ಜಾಗದ ಕಥೆ. ನಿವೇಶನದ ಅಗಲ 30.5 ಅಡಿ ಎಂದು ಬರೆದೆ. ಒಪ್ಪಲಿಲ್ಲ. 30 ಆಗಲಿ, 31 ಆಗಲಿ, ಆರಿಸಿಕೊಳ್ಳಿ ಎಂದಿತು. ‘ಸ್ಟೆಪ್’ ಎಷ್ಟೆಂದು ಹೇಳದಿದ್ದರೆ ಚೌಕವು ಒಂದೊಂದೇ ಹೆಜ್ಜೆ ಇಡುತ್ತದೆಯಂತೆ, ಹೇಳುವವರು ಮರೆತಿದ್ದಾರೆ. ಪಕ್ಕದ ಮನೆಯವರೊಡನೆ ಎರಡು ತಲೆಮಾರು ಜಗಳವಾಡಿ ಉಳಿಸಿಕೊಂಡ ಅರ್ಧ ಅಡಿ ಅದು! ರೋಸಿಹೋಗಿ ಕನ್ನಡದ ಅಂಕಿಯಲ್ಲಿ ೩೦ ಎಂದು ಒತ್ತಿದೆ. ಚೌಕ ಖಾಲಿಯಾಗಿಯೇ ಉಳಿಯಿತು. ಇಂಗ್ಲಿಷಿನ ‘ಇ’ ಅಕ್ಷರವನ್ನು ಮಾತ್ರ ಅಳಿಯನಂತೆ ಒಳಗೆ ಕರೆದುಕೊಂಡಿತು. 1 ಬರೆದು ‘ಇ’ ಹಾಕಿ 5 ಎಂದರೆ ಅದರ ಲೆಕ್ಕದಲ್ಲಿ 1ರ ಮುಂದೆ ಐದು ಸೊನ್ನೆ, ಅಂದರೆ ಒಂದು ಲಕ್ಷ. ನನ್ನ ನಿವೇಶನದ ಅಗಲ ಲಕ್ಷ ಅಡಿಯಾಗಬಹುದು, ಮೂವತ್ತೂವರೆ ಮಾತ್ರ ಆಗಕೂಡದು.

ಕೊನೆಗೆ ಅರ್ಧ ಅಡಿಯನ್ನು ದೇವರಿಗೆ ಬಿಟ್ಟು, ಪಿನ್‌ಕೋಡ್ 560004 ಎಂದು ತುಂಬಿ, ‘ಸಲ್ಲಿಸು’ ಗುಂಡಿ ಹುಡುಕುತ್ತಾ ಮೌಸಿನ ಚಕ್ರವನ್ನು ತುಸು ಕೆಳಕ್ಕೆ ಹೊರಳಿಸಿದೆ. ಸ್ವೀಕೃತಿ ಪತ್ರ ಬಂದಾಗ ಅದರಲ್ಲಿ 560003 ಇತ್ತು. ಪಿನ್‌ಕೋಡಿನದೂ ‘ನಂಬರ್’ ಚೌಕವೇ; ಚಕ್ರ ಹೊರಳಿದ್ದನ್ನು ಕೆಳಗಿನ ಬಾಣ ಒತ್ತಿದಂತೆ ಎಣಿಸಿತ್ತು. ಸಂಜೆಯ ಹೊತ್ತು ಬಸವನಗುಡಿಯಿಂದ ಮಲ್ಲೇಶ್ವರವನ್ನು ಇಷ್ಟು ಬೇಗ ತಲುಪಿದವರು ಬೆಂಗಳೂರಿನಲ್ಲಿ ಬೇರೆ ಯಾರೂ ಇರಲಾರರು. ಮತ್ತೆ ಫೋನ್ ಮಾಡಿದೆ.

“ಹೋಗಲಿ ಬಿಡಿ ಮಾವ, ಒಂದೇ ತಾನೇ ಕಡಿಮೆಯಾದದ್ದು!”