ಡಿಕಾಕ್ಷನ್ ಬಲ್ಲ ನಾಲಿಗೆ ಮತ್ತು ಕಪ್ಪು ಬಿಯರ್

ಸಕಲೇಶಪುರದ ಕಡೆಯವನಾದ ನಾನು ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಬಂದು ಹನ್ನೊಂದು ವರ್ಷಗಳಾದವು. ಊರಿನಲ್ಲಿದ್ದಾಗ ನಾನು ಕಂಡಿದ್ದ ಬಿಯರ್ ಒಂದೇ ಬಗೆಯದು: ಹೊಂಬಣ್ಣದ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ, ಬಾಟಲಿಯ ಮೇಲೆ ‘ಸ್ಟ್ರಾಂಗ್’ ಎಂದು ದೊಡ್ಡಕ್ಷರಗಳಲ್ಲಿ ಬರೆದ ಲಾಗರ್. ಅದರ ರುಚಿಯ ಬಗ್ಗೆ ಯಾರೂ ಮಾತನಾಡುತ್ತಿರಲಿಲ್ಲ; ಚೆನ್ನಾಗಿ ಕೂಲಿಂಗ್ ಇದೆಯೇ, ಎಷ್ಟು ಬೇಗ ಏರುತ್ತದೆ ಎಂಬ ಎರಡೇ ಪ್ರಶ್ನೆಗಳಿದ್ದವು. ಹೀಗಾಗಿ ಇಲ್ಲಿಯ ಮೊದಲ ಚಳಿಗಾಲದಲ್ಲಿ ಸಹೋದ್ಯೋಗಿಗಳು ಸ್ಟೌಟ್ ಎಂಬ ಕಪ್ಪು ಬಿಯರ್ ತುಂಬಿದ ಲೋಟವನ್ನು ಮುಂದಿಟ್ಟಾಗ, ಇಷ್ಟು ಕಪ್ಪಗಿರುವುದು ಇನ್ನೆಷ್ಟು ಖಡಕ್ಕಾಗಿರಬೇಕು ಎಂದು ಅದರ ಬಣ್ಣಕ್ಕೇ ಹೆದರಿದೆ.

ಆ ಹೆದರಿಕೆ ತಪ್ಪು ಎಂಬುದನ್ನು ಕಪ್ಪು ಬಿಯರಿಗೆ ಹೊಸಬರಾದ ಪ್ರತಿಯೊಬ್ಬರಿಗೂ ಮೊದಲು ಹೇಳಬೇಕು. ಬಣ್ಣ ಬರುವುದು ಹುರಿದ ಬಾರ್ಲಿಯಿಂದ. ಅಮಲಿಗೂ ಬಣ್ಣಕ್ಕೂ ಸಂಬಂಧವಿಲ್ಲ. ಡಬ್ಲಿನ್ನಿನ ಹೆಸರಾಂತ ಸ್ಟೌಟ್ ಗಿನ್ನೆಸ್ ಡ್ರಾಫ್ಟಿನಲ್ಲಿರುವ ಮದ್ಯಸಾರ ಶೇ. 4.2ರ ಆಸುಪಾಸು ಮಾತ್ರ. ನಮ್ಮಲ್ಲಿ ನೀರಿನಂತೆ ತಿಳಿಯಾಗಿ ಕಾಣುವ ಸ್ಟ್ರಾಂಗ್ ಬಿಯರಿನಲ್ಲಿ ಅದು ಶೇ. 8ರವರೆಗೂ ಇರಬಹುದು. ಆದರೆ ಅಂದು ನನಗೆ ಸಿಕ್ಕಿದ್ದು ಸಿಹಿಯ ಸುಳಿವೇ ಇಲ್ಲದ ಒಣ ಸ್ಟೌಟ್. ಸಕ್ಕರೆ ಹಾಲು ಎರಡೂ ಇಲ್ಲದ ಗಟ್ಟಿ ಡಿಕಾಕ್ಷನ್ನನ್ನು ಮಗುವಿಗೆ ಕುಡಿಸಿದಂತಾಯಿತು. ಮೂರು ವರ್ಷ ನಾನು ಮತ್ತೆ ಅದರ ತಂಟೆಗೆ ಹೋಗಲಿಲ್ಲ.

ಮತ್ತೆ ಹತ್ತಿರ ಕರೆದದ್ದು ಸಿಹಿ ಸ್ಟೌಟ್. ಇದನ್ನು ಮಿಲ್ಕ್ ಸ್ಟೌಟ್ ಎಂದೂ ಕರೆಯುತ್ತಾರೆ, ಆದರೆ ಇದಕ್ಕೆ ಯಾರೂ ಹಾಲು ಸುರಿಯುವುದಿಲ್ಲ. ಹಾಲಿನಿಂದ ತೆಗೆದ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಬೆರೆಸುತ್ತಾರೆ. ಬಿಯರಿನ ಯೀಸ್ಟು ಬಾರ್ಲಿಯ ಸಕ್ಕರೆಯನ್ನು ತಿಂದು ಮದ್ಯಸಾರವಾಗಿಸುತ್ತದೆ, ಲ್ಯಾಕ್ಟೋಸನ್ನು ಮಾತ್ರ ಒಡೆಯಲಾರದು; ಆದ್ದರಿಂದ ಅದು ಹಾಗೆಯೇ ಉಳಿದು ಬಿಯರಿಗೆ ತೆಳುವಾದ ಸಿಹಿಯನ್ನೂ ನಾಲಿಗೆಗೆ ಹತ್ತುವ ಕೆನೆಯಂಥ ಮೈಯನ್ನೂ ಕೊಡುತ್ತದೆ. ಲ್ಯಾಕ್ಟೋಸಿನ ಸಿಹಿ ನಮ್ಮ ಅಡುಗೆಮನೆಯ ಸಕ್ಕರೆಯ ಸಿಹಿಗಿಂತ ಎಷ್ಟೋ ಪಾಲು ಕಡಿಮೆ, ಹಾಗಾಗಿ ಇದು ಪಾನಕದಂತೆ ಗಂಟಲು ಕಟ್ಟುವುದಿಲ್ಲ. ಹಾಲು ಒಗ್ಗದವರು ಇದರಿಂದ ದೂರವಿರಬೇಕು. ನಮ್ಮಲ್ಲಿ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗದವರು ಬಹಳ ಮಂದಿ ಇರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಇದನ್ನು ಪೇಟೆಗೆ ತಂದು ಹೆಸರು ಮಾಡಿದ್ದು ಇಂಗ್ಲೆಂಡಿನ ಕೆಂಟ್ ಸೀಮೆಯ ಹೈಥ್ ಊರಿನ ಮ್ಯಾಕೆಸನ್ ಬ್ರೂವರಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಆಗ ಇದನ್ನು ಟಾನಿಕ್ಕಿನಂತೆ ಮಾರಿದರು. ನಿಶ್ಶಕ್ತರಿಗೆ ಒಳ್ಳೆಯದೆಂದರು, ಬಾಣಂತಿಯರಿಗೂ ಕೊಟ್ಟರು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಕೊನೆಗೆ 1946ರಲ್ಲಿ ಹೆಸರಿನಿಂದ ‘ಹಾಲು’ ಎಂಬ ಪದವನ್ನು ತೆಗೆಯುವಂತೆ ಬ್ರಿಟನ್ನಿನ ಸರ್ಕಾರ ತಯಾರಕರಿಗೆ ಹೇಳಿತು. ಪದ ಹೋದರೂ ಮ್ಯಾಕೆಸನ್ ಲೇಬಲಿನ ಮೇಲೆ ಹಾಲಿನ ಕ್ಯಾನಿನ ಚಿತ್ರ ಉಳಿದುಕೊಂಡಿತು.

ಲ್ಯಾಕ್ಟೋಸ್ ಇಲ್ಲದೆಯೂ ನುಣುಪು ತರುವ ಇನ್ನೊಂದು ದಾರಿ ಓಟ್ಸ್. ಲೀಡ್ಸಿಗೂ ಯಾರ್ಕಿಗೂ ನಡುವೆ, ವಾರ್ಫ್ ಹೊಳೆಯ ದಂಡೆಯ ಮೇಲೆ ಟ್ಯಾಡ್‌ಕ್ಯಾಸ್ಟರ್ ಎಂಬ ಸಣ್ಣ ಊರಿದೆ. ಬಸ್ಸಿನಿಂದ ಇಳಿದೊಡನೆ ಮಾಲ್ಟ್ ಬೇಯುವ ಘಮ ಮೂಗಿಗೆ ತಾಗುವ ದಿನಗಳುಂಟು. ಅಲ್ಲಿಯ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿ 1758ರಷ್ಟು ಹಳೆಯದು. ಓಟ್‌ಮೀಲ್ ಸ್ಟೌಟ್ ಎಂಬ ಬಗೆಯೇ ಹೆಚ್ಚುಕಡಿಮೆ ಮರೆತುಹೋಗಿದ್ದಾಗ, ಅಮೆರಿಕದ ಆಮದುದಾರ ಚಾರ್ಲ್ಸ್ ಫಿಂಕಲ್ ಅವರ ಕೋರಿಕೆಯಂತೆ 1980ರಲ್ಲಿ ಅದನ್ನು ಮತ್ತೆ ಮಾಡತೊಡಗಿದ್ದು ಇವರೇ. ಓಟ್ಸ್ ಗಂಜಿ ಕಾಯಿಸಿದವರಿಗೆ ಅದರ ಲೋಳೆಯಂಥ ನುಣುಪು ಗೊತ್ತು. ಬಾರ್ಲಿಯ ಜೊತೆ ಸ್ವಲ್ಪವೇ ಓಟ್ಸ್ ಸೇರಿದರೂ ಆ ನುಣುಪು ಬಿಯರಿಗೆ ಬರುತ್ತದೆ.

ಕಳೆದ ವರ್ಷದ ಅಕ್ಟೋಬರಿನಲ್ಲಿ ನನ್ನ ಭಾವ ಇಲ್ಲಿಗೆ ಬಂದಿದ್ದರು. ಅವರದು ಕಾಫಿ ತೋಟ. ಮನೆಗೆ ಬೇಕಾದ ಕಾಫಿಯನ್ನು ತಾವೇ ಸಣ್ಣ ಡ್ರಮ್ಮಿನಲ್ಲಿ ಹುರಿಯುತ್ತಾರೆ. ಅವರನ್ನು ಟ್ಯಾಡ್‌ಕ್ಯಾಸ್ಟರಿನ ಒಂದು ಪಬ್ಬಿಗೆ ಕರೆದೊಯ್ದೆ. ಅಲ್ಲಿ ಟೀವಿ ಇಲ್ಲ, ಹಾಡು ಇಲ್ಲ, ಮೊಬೈಲ್ ತೆಗೆಯುವಂತಿಲ್ಲ. ಒಲೆಯ ಪಕ್ಕದಲ್ಲಿ ಅಜ್ಜಿಯೊಬ್ಬರು ಅರ್ಧ ಪಿಂಟ್ ಬಿಯರ್ ಮುಂದಿಟ್ಟುಕೊಂಡು ಪದಬಂಧ ಬಿಡಿಸುತ್ತಿದ್ದರು, ಅವರ ಕಾಲ ಬಳಿ ನಾಯಿ ಮಲಗಿತ್ತು. ಬಾಟಲಿಯ ಓಟ್‌ಮೀಲ್ ಸ್ಟೌಟ್ ಒಂದನ್ನು ತಂದು ಇಬ್ಬರಿಗೂ ಹಂಚಿದೆ. ಭಾವ ಮುಟ್ಟಿ ನೋಡಿ, “ಇದು ತಣ್ಣಗೇ ಇಲ್ವಲ್ಲೋ” ಎಂದರು. “ಹಾಗೇ ಕುಡಿಯಬೇಕು ಭಾವ, ಮೊದಲು ಮೂಸಿ ನೋಡಿ” ಎಂದೆ. ಅವರು ಲೋಟಕ್ಕೆ ಮೂಗಿಟ್ಟು ಬಹಳ ಹೊತ್ತು ಸುಮ್ಮನಿದ್ದು, “ಇದನ್ನ ಸುಟ್ಟಿಲ್ಲ ಮಾರಾಯ, ಹದ ನೋಡಿ ಹುರಿದಿದಾರೆ. ಇನ್ನೊಂದು ನಿಮಿಷ ಬಿಟ್ಟಿದ್ರೆ ಕೆಡ್ತಿತ್ತು” ಎಂದರು.

ನನಗೆ ಅಂದು ಹೊಳೆದದ್ದೇ ಈ ಬರಹಕ್ಕೆ ಕಾರಣ. ಕಪ್ಪು ಬಿಯರಿನ ರುಚಿ ನಮಗೆ ಪರಕೀಯವಲ್ಲ. 1817ರಲ್ಲಿ ಡೇನಿಯಲ್ ವ್ಹೀಲರ್ ಎಂಬವರು ಲಂಡನ್ನಿನಲ್ಲಿ ಮಾಲ್ಟ್ ಹುರಿಯುವ ಕಬ್ಬಿಣದ ಡ್ರಮ್ಮಿಗೆ ಪೇಟೆಂಟ್ ಪಡೆದರು. ಕಾಫಿ ಹುರಿಯುವ ಡ್ರಮ್ಮನ್ನೇ ಹೋಲುವ ಆ ಸಲಕರಣೆಯಿಂದಲೇ ಇಂದಿನ ಸ್ಟೌಟಿನ ಕಪ್ಪು ಬಂತು. ಮಾಲ್ಟ್ ಎಂಬುದೂ ನಮಗೆ ಹೊಸದಲ್ಲ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿದು ಮಗುವಿಗೆ ಮಾಲ್ಟ್ ಮಾಡಿಕೊಟ್ಟ ತಾಯಂದಿರು ಬಾರ್ಲಿಯ ಮಾಲ್ಟಿಂಗನ್ನು ನೋಡಿದರೆ ಒಂದೇ ನೋಟಕ್ಕೆ ಗುರುತು ಹಿಡಿಯುತ್ತಾರೆ. ಕಹಿ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಮೃದುವಾಗಿಸುವಾಗ ನಾವು ಸೇರಿಸುವುದೂ ಅದೇ ಲ್ಯಾಕ್ಟೋಸನ್ನು. ಆದ್ದರಿಂದ ಸಿಹಿ ಸ್ಟೌಟಿನಿಂದ ಆರಂಭಿಸಿದವನನ್ನು ಎಳಸು ಎಂದು ಕಾಣುವ ಬಿಯರ್ ಪಂಡಿತರ ಮಾತನ್ನು ನಾನು ಒಪ್ಪುವುದಿಲ್ಲ. ಕಹಿಯೂ ಸಿಹಿಯೂ ಸಮತೂಕದಲ್ಲಿ ನಿಲ್ಲುವುದು ತನ್ನಷ್ಟಕ್ಕೇ ಒಂದು ಪೂರ್ಣ ರುಚಿ. ವೆನಿಲ್ಲಾ, ಬಿಸ್ಕತ್ತು, ಚಾಕೊಲೇಟ್ ತುಂಬಿ ಕೇಕಿನಂತೆ ಮಾಡಿದ ಈಚಿನ ಸ್ಟೌಟುಗಳನ್ನು ಮಾತ್ರ ನಾನು ಮೆಚ್ಚಲಾರೆ. ಅವುಗಳಲ್ಲಿ ಧಾನ್ಯದ ದನಿಯೇ ಅಡಗಿಹೋಗುತ್ತದೆ.

ನಮ್ಮಲ್ಲಿ ಕೊರತೆಯಿರುವುದು ಕುಡಿಯುವ ಕ್ರಮದಲ್ಲಿ. ಪರದೆ ಎಳೆದ ಕತ್ತಲ ಬಾರಿನಲ್ಲಿ, ಅಥವಾ ವೈನ್ ಶಾಪಿನ ಕಟ್ಟೆಯ ಬಳಿ ನಿಂತು, ಯಾರಾದರೂ ನೋಡುವ ಮೊದಲು ಗಂಟಲಿಗೆ ಸುರಿದುಕೊಂಡು ಹೊರಡುವವನಿಗೆ ಯಾವ ರುಚಿಯೂ ತಿಳಿಯುವಂತಿಲ್ಲ. ಇದಕ್ಕೆ ಕಾರಣವೂ ಇದೆ. ಕುಡಿತದಿಂದ ಹಾಳಾದ ಮನೆಗಳನ್ನು ನೋಡುತ್ತ ಬೆಳೆದವನು ನಾನು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ನಮ್ಮೂರಿನ ಹೆಂಗಸರು ಬಿಟ್ಟ ನಿಟ್ಟುಸಿರು ನೆನಪಿದೆ. ಇಲ್ಲಿಯವರೇನೂ ಕುಡಿತವನ್ನು ಗೆದ್ದವರಲ್ಲ. ಶನಿವಾರ ರಾತ್ರಿ ಲೀಡ್ಸಿನ ಬೀದಿಗಳಲ್ಲಿ ನಡೆದವರಿಗೆ ಅದು ಗೊತ್ತಾಗುತ್ತದೆ. ಕುಡಿಯದವರು ಕುಡಿಯತೊಡಗಲಿ ಎಂಬುದು ನನ್ನ ಮಾತಲ್ಲ. ಕುಡಿಯುವವರು 284 ಮಿಲಿಲೀಟರಿನ ಅರ್ಧ ಪಿಂಟನ್ನು ಮುಕ್ಕಾಲು ಗಂಟೆ ಇಟ್ಟುಕೊಂಡು, ಎಲ್ಲರೆದುರು, ಮನೆಯವರೊಡನೆ ಕುಳಿತು, ಬಾಯಲ್ಲಿ ಏನು ನಡೆಯುತ್ತಿದೆ ಎಂದು ಗಮನಿಸುತ್ತ ಕುಡಿಯುವ ಪದ್ಧತಿಯನ್ನು ಇಲ್ಲಿಂದ ಕಲಿಯಬಹುದು. ಸಿಹಿ ಸ್ಟೌಟ್ ಅದನ್ನು ತಾನೇ ಕಲಿಸುತ್ತದೆ, ಏಕೆಂದರೆ ಫ್ರಿಜ್ಜಿನಿಂದ ತೆಗೆದೊಡನೆ ಅದು ಮೂಕ. ಹತ್ತು ಹನ್ನೆರಡು ಡಿಗ್ರಿಗೆ ಬಂದ ಮೇಲೆ ಕಾಫಿ, ಕೋಕೋ, ಬೆಲ್ಲದ ವಾಸನೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. 2010ರ ನಂತರ ಬೆಂಗಳೂರಿನಲ್ಲಿ ತಮ್ಮಲ್ಲೇ ಬಿಯರ್ ತಯಾರಿಸಿ ಬಡಿಸುವ ಮೈಕ್ರೋಬ್ರೂವರಿಗಳು ಹೆಚ್ಚಿ, ತಾಜಾ ಸ್ಟೌಟ್ ಸಿಗುತ್ತಿರುವುದು ನನಗೆ ಸಂತೋಷದ ಸಂಗತಿ. ಅಲ್ಲಿಯೂ ಅದನ್ನು ಸ್ವಲ್ಪ ಹೊತ್ತು ಮೇಜಿನ ಮೇಲೆ ಬಿಟ್ಟು ನೋಡಿ.

ಭಾವನ ಲೋಟ ಖಾಲಿಯಾಗಲು ಐವತ್ತು ನಿಮಿಷ ಬೇಕಾಯಿತು. ಊರಿಗೆ ಹೋದ ಮೇಲೆ ಅವರು ಒಂದು ಸೇರು ಬಾರ್ಲಿ ತರಿಸಿ ತಮ್ಮ ಕಾಫಿ ಡ್ರಮ್ಮಿನಲ್ಲಿ ಹುರಿದರಂತೆ. ಮೊದಲ ಸಲ ಸೀದುಹೋಯಿತು, ಎರಡನೆಯ ಸಲ ಹದ ಸಿಕ್ಕಿತು. ಅದನ್ನು ಪುಡಿ ಮಾಡಿ, ಕುದಿಸಿ, ಹಾಲು ಬೆಲ್ಲ ಹಾಕಿ ಅಕ್ಕನಿಗೆ ಕೊಟ್ಟರು. ಬಿಯರಿನ ಹೆಸರೆತ್ತಿದರೆ ಎದ್ದುಹೋಗುವ ಅಕ್ಕ ಅದನ್ನು ಪೂರ್ತಿ ಕುಡಿದು, ನಾಳೆ ಬೆಲ್ಲ ಸ್ವಲ್ಪ ಕಡಿಮೆ ಹಾಕಿ ಎಂದಳಂತೆ.