ಹದಿನೆಂಟು ತೂತಿನ ಪೆಟ್ಟಿಗೆ

ಹವ್ಯಾಸವೆಂದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂತಿರಬೇಕು. ಅಂಚೆಚೀಟಿ ಸಂಗ್ರಹ, ಚಾರಣ, ವೀಣೆ, ಹಕ್ಕಿ ನೋಡುವುದು ಮೊದಲಾದವು ಹಾಗೆ ಹೇಳಿಕೊಳ್ಳಬಹುದಾದವು. ನನ್ನದು ಎಕ್ಸ್‌ಟೆನ್ಷನ್ ಬಾಕ್ಸ್ ಕಟ್ಟುವುದು. ಹೆಣ್ಣು ನೋಡಲು ಹೋದ ದಿನ ಉಪ್ಪಿಟ್ಟಿಗೂ ಕೇಸರಿಭಾತಿಗೂ ನಡುವೆ ಹುಡುಗಿಯ ಸೋದರಮಾವ ‘ತಮ್ಮ ಹವ್ಯಾಸಗಳು?’ ಎಂದು ಕೇಳಿದಾಗ, ‘ಓದುವುದು, ಸಂಗೀತ ಕೇಳುವುದು’ ಎಂದು ಎಲ್ಲರೂ ಹೇಳುವುದನ್ನೇ ಹೇಳಿ ಪಾರಾಗಿದ್ದೆ. ಮದುವೆಯಾದ ಮೂರನೆಯ ವಾರ ಅಟ್ಟದ ಮೇಲೆ ಏಳು ಬಾಕ್ಸುಗಳು ಸಾಲಾಗಿ ಕುಳಿತಿರುವುದು ಹೆಂಡತಿಯ ಕಣ್ಣಿಗೆ ಬಿತ್ತು. ‘ಇಷ್ಟೊಂದು ಯಾತಕ್ಕೆ?’ ಎಂದಳು. ‘ಬೇಕಾಗತ್ತೆ’ ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇಂದಿಗೂ ಹೊಳೆದಿಲ್ಲ.

ಅಂಗಡಿಯಲ್ಲಿ ಬೇಕಾದ ಬಣ್ಣದಲ್ಲಿ ಸಿಗುವ ವಸ್ತುವನ್ನು ಮನೆಯಲ್ಲಿ ಕುಳಿತು ಕಟ್ಟುವವನ ಬಗ್ಗೆ ಲೋಕಕ್ಕೆ ಅನುಮಾನ ಬರುವುದು ಸಹಜವೇ. ಆದರೆ ಅಗ್ಗದ ಬಾಕ್ಸೊಂದರ ತಿರುಪು ಬಿಚ್ಚಿ ಒಳಗೆ ಇಣುಕಿದವನು ಆ ರಾತ್ರಿ ನೆಮ್ಮದಿಯಾಗಿ ಮಲಗಲಾರ. ಮೇಲೆ ಮೂರು ತೂತುಗಳಿರುತ್ತವೆ. ಒಳಗೆ ಬಂದಿರುವ ತಂತಿಗಳು ಎರಡೇ. ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ಥಿಂಗ್‌ನ ತೂತು ನಾಟಕದ ಪರದೆಯ ಮೇಲೆ ಬರೆದ ಕಿಟಕಿಯಂತೆ ಸುಮ್ಮನೆ ತೆರೆದುಕೊಂಡಿರುತ್ತದೆ. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಇಂಥದ್ದನ್ನು ಕಂಡಾಗಲೆಲ್ಲ ‘ಅರ್ಥವಿಲ್ಲದ ಬಾಕ್ಸು’ ಎನ್ನುತ್ತಾನೆ. ಶ್ಲೇಷೆ ಅವನಿಗೆ ಗೊತ್ತಿದ್ದು ಬಂದದ್ದೋ, ಬಾಯಿಯ ಅಭ್ಯಾಸದಿಂದ ಬಂದದ್ದೋ ನಾನು ಕೇಳಿಲ್ಲ. ನನ್ನ ಪೆಟ್ಟಿಗೆಗಳು ಹಲಸಿನ ಹಲಗೆಯವು. ಮೇಲೆ ಕರೆಂಟು ಹಾಯದ ಹೈಲಮ್ ಶೀಟು, ಅದರಲ್ಲಿ ಆರು ಸಾಕೆಟ್ಟು, ಒಂದೊಂದಕ್ಕೂ ಒಂದೊಂದು ಸ್ವಿಚ್ಚು, ಮೂಲೆಯಲ್ಲಿ ಕುಂಕುಮದ ಬೊಟ್ಟಿನಂತೆ ಒಂದು ಕೆಂಪು ಇಂಡಿಕೇಟರ್. ತಂತಿ ಮೂರೆಳೆಯದು, ಎಳೆಯೊಂದು 1.5 ಚದರ ಮಿಲಿಮೀಟರ್ ದಪ್ಪದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಅಲೆದು ಇವನ್ನೆಲ್ಲ ಕೂಡಿಸುವಾಗ ನನಗಾಗುವ ಸಂತೋಷವನ್ನು, ಸೀರೆಯ ಅಂಗಡಿಯಲ್ಲಿ ಕುಳಿತ ನನ್ನ ಹೆಂಡತಿಯ ಮುಖದಲ್ಲಿ ಮಾತ್ರ ಕಂಡಿದ್ದೇನೆ.

ಪ್ಲಗ್ಗಿನ ಮೂರು ಕಾಲುಗಳಲ್ಲಿ ಮೇಲಿನದು ಮಾತ್ರ ಏಕೆ ಉದ್ದ ಮತ್ತು ದಪ್ಪವಾಗಿದೆ ಎಂದು ಮಕ್ಕಳು ಕೇಳಿದರೆ ಹಿರಿಯರು ‘ಅದು ಹಾಗೇ’ ಎಂದುಬಿಡುತ್ತಾರೆ. ಅದು ಅರ್ಥಿಂಗ್‌ನ ಕಾಲು. ಉದ್ದವಾಗಿರುವುದರಿಂದ ಉಳಿದೆರಡಕ್ಕಿಂತ ಮೊದಲು ಒಳಹೊಕ್ಕು ನೆಲದ ಸಂಬಂಧ ಮಾಡಿಕೊಳ್ಳುತ್ತದೆ. ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಹೊರಬರುತ್ತದೆ. ಊಟದ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಬಂದು ಎಲೆ ಹಾಕಿಸಿ, ಎಲ್ಲರೂ ಎದ್ದ ಮೇಲೆ ಕೈತೊಳೆಯುವ ಮನೆಯ ಯಜಮಾನನ ರೀತಿ ಅದರದು. ಈ ಗುಂಡು ಪಿನ್ನಿನ ಪದ್ಧತಿ ನಮಗೆ ಬ್ರಿಟಿಷರಿಂದ ಬಂದದ್ದು. ತಮಾಷೆಯೆಂದರೆ, ಅವರು ನಮ್ಮ ದೇಶವನ್ನು ಬಿಟ್ಟುಹೋದ 1947ರಲ್ಲೇ ತಮ್ಮ ಮನೆಗಳಿಗಾಗಿ ಚಪ್ಪಟೆ ಪಿನ್ನಿನ, ಒಳಗೇ ಫ್ಯೂಸಿರುವ ಹೊಸ ಪ್ಲಗ್ಗಿನ ಮಾನಕವನ್ನು ಪ್ರಕಟಿಸಿದರು. ಅವರು ಬಿಟ್ಟ ಗುಂಡು ಪಿನ್ನನ್ನು ನಾವು ಹಿಡಿದುಕೊಂಡೆವು. ಈಗ ನಮ್ಮ ಸಾಕೆಟ್ಟುಗಳ ಮೇಲೆ 6 ಆಂಪಿಯರ್, 16 ಆಂಪಿಯರ್ ಎಂದು ಅಚ್ಚಾಗಿದ್ದರೂ ನಮ್ಮ ದೊಡ್ಡಪ್ಪ ಇನ್ನೂ ‘ಐದು ಆಂಪ್ಸು, ಹದಿನೈದು ಆಂಪ್ಸು’ ಎಂದೇ ಹೇಳುತ್ತಾರೆ.

ದೊಡ್ಡಪ್ಪನ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ನಮ್ಮೆಲ್ಲರ ಮೂಲ ಮನೆ ಅದೇ. ವರ್ಷಕ್ಕೊಮ್ಮೆ ಭಾದ್ರಪದದ ಅನಂತ ಚತುರ್ದಶಿಗೆ ಊರೂರಿನಲ್ಲಿ ಚದುರಿರುವ ನಾವು ಮೂವತ್ತು ಮಂದಿ ಅಲ್ಲಿ ಸೇರುತ್ತೇವೆ. ಆ ಮನೆಗೆ ತಂತಿ ಎಳೆದ ಕಾಲದಲ್ಲಿ ಕರೆಂಟು ಎಂದರೆ ದೀಪ ಮಾತ್ರ, ಪ್ಲಗ್ಗೆಂಬುದು ಶ್ರೀಮಂತಿಕೆ. ಆದ್ದರಿಂದ ಹದಿನಾಲ್ಕು ಅಂಕಣದ ಮನೆಗೆ ಮೂರೇ ಪ್ಲಗ್ಗು: ರೇಡಿಯೋಗೆಂದು ಜಗಲಿಯಲ್ಲಿ ಒಂದು, ಆಮೇಲೆ ಮಿಕ್ಸಿಗೆಂದು ಅಡುಗೆಮನೆಯಲ್ಲಿ ಒಂದು, ದೇವರಮನೆಯ ಹೊರಗೋಡೆಯಲ್ಲಿ ಯಾವ ಉದ್ದೇಶಕ್ಕೋ ತಿಳಿಯದ ಮತ್ತೊಂದು. ಮೂವತ್ತು ಮಂದಿಗೆ ಹೇಗೆ ಲೆಕ್ಕ ಹಾಕಿದರೂ ಮೂವತ್ತಕ್ಕೆ ಕಡಿಮೆಯಿಲ್ಲದ ಮೊಬೈಲುಗಳು, ಮನೆಯಿಂದಲೇ ಕೆಲಸ ಮಾಡುವ ನೆಪದಲ್ಲಿ ರಜೆ ಉಳಿಸಿಕೊಂಡು ಬಂದವರ ಲ್ಯಾಪ್‌ಟಾಪುಗಳು, ಕಿವಿಗೆ ಸಿಕ್ಕಿಸಿಕೊಳ್ಳುವ ಗುಂಡಿಗಳು, ಕೈಗಡಿಯಾರಗಳು. ಹಿಂದೆ ನೆಂಟರ ಚೀಲದಲ್ಲಿ ಹಣ್ಣು, ವೀಳ್ಯದೆಲೆ ಇರುತ್ತಿದ್ದವು. ಈಗ ಮೊದಲು ಹೊರಬರುವುದು ಚಾರ್ಜರು. ನನ್ನ ಏಳು ಬಾಕ್ಸುಗಳಲ್ಲಿ ಒಂದು ಐದು ವರ್ಷದ ಹಿಂದೆ ಆ ಮನೆಯ ಜಗಲಿ ಸೇರಿತು. ‘ಬೇಕಾಗತ್ತೆ’ ಎಂದಿದ್ದೆನಲ್ಲ, ಅದು ಬೇಕಾದದ್ದು ಅಲ್ಲಿ.

ಮಳೆಗಾಲದ ಮಲೆನಾಡಿನಲ್ಲಿ ಎದುರಾದವರನ್ನು ‘ನಿಮ್ಮಲ್ಲಿ ಎಷ್ಟು ಇಂಚು?’ ಎಂದು ಕೇಳುವುದು ವಾಡಿಕೆ. ಜಗಲಿಯಲ್ಲಿ ಈಗ ಕೇಳುವ ಪ್ರಶ್ನೆ ‘ನಿಂದು ಎಷ್ಟು ಪರ್ಸೆಂಟು?’ ಎಂಬುದು. ಹನ್ನೆರಡು ಎಂದವನಿಗೆ ಎಲ್ಲರ ಮರುಕವೂ ಸಾಕೆಟ್ಟೂ ಸಿಗುತ್ತವೆ. ಎಂಬತ್ತಿದ್ದೂ ತೂತು ಬಿಡದವನಿಗೆ, ಬಡಿಸುವವರ ಕೈ ಹಿಡಿದು ಮತ್ತೊಂದು ಹೋಳಿಗೆ ಹಾಕಿಸಿಕೊಂಡವನಿಗೆ ಸಿಗುವಂಥ ನೋಟ ಸಿಗುತ್ತದೆ. ವೋಲ್ಟೇಜು ಕುಸಿದಾಗ ಟ್ಯೂಬ್‌ಲೈಟು ಕಣ್ಣು ಪಿಳುಕಿಸುತ್ತ ಹತ್ತಲು ಹೆಣಗುತ್ತದೆ, ಪಂಪು ಗೊಣಗುತ್ತದೆ. ಮೊಬೈಲ್ ಚಾರ್ಜರು ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಅದರ ಬೆನ್ನ ಮೇಲೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ 100–240 ವೋಲ್ಟ್ ಎಂದು ಬರೆದಿರುತ್ತದೆ. ಅಷ್ಟು ಅಗಲದ ಸಹನೆ ನಮ್ಮ ಬಳಗದಲ್ಲಿ ಯಾರಿಗೂ ಇಲ್ಲ.

ಕೂಡು ಕುಟುಂಬಗಳು ಒಡೆದುದಕ್ಕೂ, ಹಬ್ಬಕ್ಕೆ ಬಂದ ಮಕ್ಕಳು ಮಾತಾಡದಿರುವುದಕ್ಕೂ ಮೊಬೈಲೇ ಕಾರಣವೆಂದು ಬೈಯುವವರನ್ನು ನಾನು ಬಲ್ಲೆ. ನಾನೂ ಒಮ್ಮೊಮ್ಮೆ ಬೈದಿದ್ದೇನೆ. ಆದರೆ ಐದು ವರ್ಷ ಬಾಕ್ಸಿನ ಪಕ್ಕ ಕುಳಿತು ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಸಡಿಲಗೊಂಡಿದೆ. ಬೈಯುವವರು ಚಾರ್ಜರಿನ ತಂತಿಯ ಉದ್ದವನ್ನು ಗಮನಿಸಿಲ್ಲ. ಅದು ಹೆಚ್ಚೆಂದರೆ ಒಂದು ಮೀಟರು. ಮೊಬೈಲನ್ನು ಬಿಡಲಾರದವನು ಬಾಕ್ಸಿನಿಂದ ಒಂದು ಮೀಟರಿಗಿಂತ ದೂರ ಹೋಗಲಾರ. ಆರು ಸಾಕೆಟ್ಟಿಗೆ ಆರು ಜನ ಆರು ದಿಕ್ಕಿನಿಂದ ತಲೆ ತಗ್ಗಿಸಿ ಕುಳಿತರೆಂದರೆ ಮಂಡಿಗೆ ಮಂಡಿ ತಾಗಲೇಬೇಕು. ಆಸ್ತಿಯ ಮಾತಿನಲ್ಲಿ ಮನಸ್ತಾಪವಾಗಿ ಎರಡು ವರ್ಷ ಮಾತು ಬಿಟ್ಟಿದ್ದ ಇಬ್ಬರು ಭಾವಂದಿರು, ಒಬ್ಬರ ಕೇಬಲ್ಲಿನ ಪಿನ್ನು ಇನ್ನೊಬ್ಬರ ಫೋನಿಗೆ ಹೊಂದುತ್ತದೆಂಬ ಒಂದೇ ಕಾರಣಕ್ಕೆ ‘ಸ್ವಲ್ಪ ಕೊಡ್ತೀರಾ?’ ಎಂದದ್ದು ಇದೇ ಬಾಕ್ಸಿನ ಬಳಿ. ಆಮೇಲೆ ಅವರು ಅಡಿಕೆಯ ಧಾರಣೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಮನೆಯನ್ನು ಹೊಸದಾಗಿ ವೈರಿಂಗ್ ಮಾಡಿಸಿ ಕೋಣೆಗೆರಡು ಪ್ಲಗ್ಗು ಹಾಕಿಸೋಣವೆಂದು ದೊಡ್ಡಪ್ಪನ ಮಗ ಪ್ರತಿ ವರ್ಷ ಪ್ರಸ್ತಾಪ ತರುತ್ತಾನೆ. ಖರ್ಚು ಬಹಳವಾಗುತ್ತದೆಂದು ನಾನು ಪ್ರತಿ ವರ್ಷ ಹೆದರಿಸುತ್ತೇನೆ. ಇದರಲ್ಲಿ ನನ್ನ ಬಾಕ್ಸಿನ ಅಭಿಮಾನವೂ ಇದೆಯೆಂಬುದನ್ನು ಮುಚ್ಚಿಡುವುದಿಲ್ಲ.

ಬಾಕ್ಸಿನ ಘನತೆಗೆ ಧಕ್ಕೆ ಬಂದದ್ದು ಒಮ್ಮೆ ಮಾತ್ರ. ಅನಂತನ ಪೂಜೆಗೆ ಹೊತ್ತಾಗುತ್ತಿತ್ತು. ಯಮುನಾ ಪೂಜೆಗೆ ಬಾವಿಯ ಕಡೆಗೆ ಹೊರಟವರು ಒಂದೆಡೆ, ಹದಿನಾಲ್ಕು ಗಂಟಿನ ದಾರಗಳನ್ನು ತಟ್ಟೆಯಲ್ಲಿ ಜೋಡಿಸುವವರು ಇನ್ನೊಂದೆಡೆ. ಅಡುಗೆಮನೆಯ ಪ್ಲಗ್ಗು ಲೂಸ್ ಕಾಂಟ್ಯಾಕ್ಟ್ ಆಗಿದ್ದರಿಂದ ಅತ್ತಿಗೆ ಮಿಕ್ಸಿಯನ್ನು ತಂದು ನನ್ನ ಬಾಕ್ಸಿಗೆ ಸಿಕ್ಕಿಸಿದ್ದರು. ಅದೇ ಹೊತ್ತಿಗೆ ಭಾವ ತಮ್ಮ ರೇಷ್ಮೆ ಅಂಗಿಗೆ ಇಸ್ತ್ರಿ ಪೆಟ್ಟಿಗೆ ಹಚ್ಚಿದ್ದರು. ಹತ್ತು ಮೀಟರಿನ ತಂತಿಯಲ್ಲಿ ಎರಡು ಮೀಟರು ಬಿಚ್ಚಿ, ಉಳಿದದ್ದು ಕಾಲಿಗೆ ತೊಡರಬಾರದೆಂದು ಯಾರೋ ಅಚ್ಚುಕಟ್ಟಾಗಿ ಸುತ್ತಿ ಜಮಖಾನದ ಅಂಚಿನ ಕೆಳಗೆ ತೂರಿದ್ದರು. ಕರೆಂಟು ಹರಿಯುವ ತಂತಿ ಬಿಸಿಯಾಗುವುದು ಅದರ ಧರ್ಮ. ನೇರವಾಗಿ ಹಾಸಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ, ಸುರುಳಿ ಸುತ್ತಿ ಮುಚ್ಚಿಟ್ಟರೆ ಒಳಗೊಳಗೇ ಏರುತ್ತದೆ. ಇದನ್ನು ಮೊದಲು ಪತ್ತೆ ಹಚ್ಚಿದ್ದು ಮನೆಯ ಬೆಕ್ಕು. ಹೊರಗೆ ಜಡಿಮಳೆ, ಒಲೆಯ ಬಳಿ ಮಡಿಯವರು ಸೇರಿಸುತ್ತಿರಲಿಲ್ಲ. ಅದು ಮನೆಯೆಲ್ಲ ಸುತ್ತಿ ಜಮಖಾನದ ಆ ಒಂದು ಮೂಲೆಯನ್ನೇ ಆರಿಸಿಕೊಂಡು ಕಣ್ಮುಚ್ಚಿ ಮಲಗಿತ್ತು. ‘ಇದೇನು, ಇಲ್ಲಿ ಇಷ್ಟು ಬೆಚ್ಚಗಿದೆ?’ ಎಂದು ಬೆಕ್ಕನ್ನೆತ್ತಿದ ಹುಡುಗಿ ಕೂಗಿದಾಗ ನಾನು ಓಡಿಹೋಗಿ ಪ್ಲಗ್ಗು ಕಿತ್ತೆ.

ಅಂದು ಊಟದ ಪಂಕ್ತಿಯಲ್ಲಿ ನಾನು ಲೆಕ್ಕ ಒಪ್ಪಿಸಬೇಕಾಯಿತು. 6 ಆಂಪಿಯರನ್ನು 230 ವೋಲ್ಟಿನಿಂದ ಗುಣಿಸಿದರೆ 1380 ವಾಟು; ಸಣ್ಣ ಪಿನ್ನಿನ ಪ್ಲಗ್ಗು ತಡೆಯುವುದು ಅಷ್ಟೇ. ಇಸ್ತ್ರಿ ಪೆಟ್ಟಿಗೆ 1000, ಮಿಕ್ಸಿ 750, ಒಟ್ಟು 1750. ತೂತು ಆರಿದ್ದ ಮಾತ್ರಕ್ಕೆ ಶಕ್ತಿ ಆರು ಪಟ್ಟಾಗುವುದಿಲ್ಲ. ಗೋಡೆಯ ಒಂದು ತೂತಿನಿಂದ ಬರುವುದನ್ನೇ ಆರು ಜನ ಹಂಚಿಕೊಳ್ಳಬೇಕು. ಎಲೆಯ ಮುಂದೆ ಕುಳಿತ ಭಾವ ‘ಹಾಗಾದರೆ ಅದು ಪೆಟ್ಟಿಗೆಯೇ, ಅಕ್ಷಯಪಾತ್ರೆಯಲ್ಲ’ ಎಂದರು. ಇಸ್ತ್ರಿ ಪೂರ್ತಿಯಾಗದೆ ಅವರ ಅಂಗಿಯ ಎಡತೋಳು ಇನ್ನೂ ಮುದುಡಿಯೇ ಇತ್ತು.

ದೊಡ್ಡಪ್ಪ ನನ್ನ ಪರ ವಹಿಸಿದರು. ಅವರಿಗೆ ಇತಿಹಾಸದ ಹುಚ್ಚು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ 1902ರಲ್ಲಿ ಕರೆಂಟು ತೆಗೆದಾಗ ಅದು ಮೊದಲು ಹೋದದ್ದು ಬೆಂಗಳೂರಿಗಲ್ಲ, ಮೈಸೂರಿನ ಅರಮನೆಗೂ ಅಲ್ಲ. ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ, 1905ರ ಆಗಸ್ಟಿನಲ್ಲಿ. ‘ದುಡಿದು ತರುವವನಿಗೆ ಮೊದಲು ಪ್ಲಗ್ಗು, ಮನೆಯಲ್ಲಿ ಕೂತವರಿಗೆ ಆಮೇಲೆ’ ಎಂದು ದೊಡ್ಡಪ್ಪ ವ್ಯಾಖ್ಯಾನ ಮಾಡಿದ್ದೇ ತಡ, ಲ್ಯಾಪ್‌ಟಾಪಿನ ಹುಡುಗರು ಅದನ್ನು ತಮ್ಮ ಪರವಾದ ತೀರ್ಪೆಂದು ಸ್ವೀಕರಿಸಿ ಊಟ ಮುಗಿಸಿದವರೇ ಮೂರು ಸಾಕೆಟ್ಟು ಹಿಡಿದರು. ಕೋಲಾರಕ್ಕೆ ಎಳೆದ ಆ ತಂತಿಯನ್ನು ಅಂದಿನಿಂದ ನಾನು ಕರ್ನಾಟಕದ ಆದಿ ಎಕ್ಸ್‌ಟೆನ್ಷನ್ನೆಂದೇ ಎಣಿಸುತ್ತ ಬಂದಿದ್ದೇನೆ.

ಕಳೆದ ವರ್ಷ ಪೂಜೆಯ ಸಂಜೆ ಕರೆಂಟು ಹೋಯಿತು. ಕತ್ತಲಲ್ಲಿ ಎಲ್ಲರೂ ಮೊಬೈಲು ಬದಿಗಿಟ್ಟು, ದೀಪದ ಸುತ್ತ ಕುಳಿತು ಹಳೆಯ ಕತೆ ಹೇಳಿಕೊಂಡರು ಎಂದು ಬರೆಯಲು ನನಗೂ ಆಸೆಯೇ. ನಡೆದದ್ದು ಹಾಗಿರಲಿಲ್ಲ. ಬಾಕ್ಸಿನ ಕೆಂಪು ಬೊಟ್ಟು ಆರಿದ ಕೂಡಲೇ ಆರೂ ಜನ ಆರು ಕಡೆ ಎದ್ದುಹೋದರು. ಎಂಟೂವರೆಗೆಲ್ಲ ಮನೆ ಮಲಗಿತು.

ಈ ಎಲ್ಲ ಗದ್ದಲದಲ್ಲಿ ಬಾಕ್ಸಿನ ಬಳಿ ಒಮ್ಮೆಯೂ ಕಾಣದವರೆಂದರೆ ದೊಡ್ಡಮ್ಮ. ಅವರ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿ ಬೆಳಗಿನ ಎಂಟೂವರೆಗೆ, ಆಫೀಸಿಗೆ ಹೊರಡುವ ಮುನ್ನ ಅವಳು ವಿಡಿಯೋ ಕರೆ ಮಾಡುತ್ತಾಳೆ. ಇಲ್ಲಿ ಆಗ ಸಂಜೆ ಆರು, ಹಾಲು ಕರೆಯುವ ಹೊತ್ತು. ಆ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಒಂದೇ ಕಡೆ, ಕೊಟ್ಟಿಗೆಯ ಪಶ್ಚಿಮದ ಕಂಬದ ಹತ್ತಿರ. ದೊಡ್ಡಮ್ಮನ ಫೋನು ಹಳೆಯದು, ಬ್ಯಾಟರಿ ಸವೆದಿದೆ. ತಂತಿಯಿಂದ ಬಿಡಿಸಿದ ಹತ್ತು ನಿಮಿಷಕ್ಕೆ ಆರಿಹೋಗುತ್ತದೆ. ಪ್ಲಗ್ಗಿರುವುದು ಜಗಲಿಯಲ್ಲಿ, ಸಿಗ್ನಲ್ಲಿರುವುದು ಕೊಟ್ಟಿಗೆಯಲ್ಲಿ. ನಾವು ಹೊರಡುವ ದಿನ ಬೆಳಿಗ್ಗೆ ಅವರು ನನ್ನನ್ನು ಹಿತ್ತಲಿಗೆ ಕರೆದು, ‘ಅಲ್ಲ ಕಣೋ, ನಿನ್ನ ಪೆಟ್ಟಿಗೆಗೆ ಕೊಟ್ಟಿಗೆವರೆಗೆ ಮುಟ್ಟೋ ಹಂಗೆ ತಂತಿ ಹಾಕೋಕೆ ಆಗತ್ತಾ?’ ಎಂದು ಕೇಳಿದರು. ಐದು ವರ್ಷದಲ್ಲಿ ಅವರು ನನ್ನಿಂದ ಕೇಳಿದ ಮೊದಲ ವಸ್ತು ಅದು.

ಆಗುವುದಿಲ್ಲವೆಂದು ಹೇಳಬೇಕಾಯಿತು. ಮಳೆ ಸುರಿಯುವ ಅಂಗಳದಲ್ಲಿ, ದನಗಳು ತುಳಿಯುವ ದಾರಿಯಲ್ಲಿ, ಗಂಜಲ ಹರಿಯುವ ನೆಲದ ಮೇಲೆ ಎಕ್ಸ್‌ಟೆನ್ಷನ್ ತಂತಿ ಎಳೆಯುವುದು ನನ್ನಂಥ ಹುಚ್ಚನೂ ಮಾಡಬಾರದ ಕೆಲಸ. ಅದಕ್ಕೆ ಮಾಡಿನ ಕೆಳಗೆ ಪೈಪಿನೊಳಗೆ ಬೇರೆ ಲೈನೇ ಹೋಗಬೇಕು, ಅರ್ಥಿಂಗ್ ಸರಿಯಾಗಿರಬೇಕು, ಸೋರಿಕೆಯಾದರೆ ತಟ್ಟನೆ ಕಡಿದುಕೊಳ್ಳುವ ಸ್ವಿಚ್ಚೂ ಬೇಕು. ಇಷ್ಟನ್ನೂ ಹೇಳಿದ ಮೇಲೆ ದೊಡ್ಡಮ್ಮ ‘ಹಂಗಾದ್ರೆ ಪೆಟ್ಟಿಗೆ ಬೇಡ್ವಾ?’ ಎಂದು, ನನಗೇ ಬೇಸರವಾಗುತ್ತದೇನೋ ಎಂಬಂತೆ ಕೇಳಿದರು. ‘ಬೇಡ ದೊಡ್ಡಮ್ಮಾ, ಎಲೆಕ್ಟ್ರಿಷಿಯನ್ನೇ ಬರಬೇಕು’ ಎಂದೆ. ಖರ್ಚಿನ ಮಾತನ್ನು ಈ ಸಲ ನಾನು ಎತ್ತಲಿಲ್ಲ.

ಹೊರಡುವುದಕ್ಕೆ ಇನ್ನೂ ಒಂದು ಗಂಟೆಯಿತ್ತು. ಮೀಟರ್ ಟೇಪು ಹಿಡಿದು ಅಳೆದೆವು. ದೊಡ್ಡಪ್ಪ ಕೊಡೆ ಹಿಡಿದರು. ಮೈನ್ ಬೋರ್ಡಿನಿಂದ ಪಶ್ಚಿಮದ ಕಂಬಕ್ಕೆ 23 ಮೀಟರು. ಸಾಕೆಟ್ಟು ಎಷ್ಟು ಎತ್ತರದಲ್ಲಿರಬೇಕೆಂಬುದು ಮಾತ್ರ ತೀರ್ಮಾನವಾಗಲಿಲ್ಲ, ಏಕೆಂದರೆ ಆ ಕಂಬಕ್ಕೆ ಕಟ್ಟುವ ಗಂಗೆ ಎಂಬ ಹಸುವಿಗೆ ನೆಕ್ಕದೆ ಬಿಟ್ಟ ವಸ್ತುವೇ ಇಲ್ಲ. ಕೊನೆಗೆ ದೊಡ್ಡಮ್ಮ ಒಂದು ಹಿಡಿ ಹಸಿಹುಲ್ಲನ್ನು ಕಂಬದ ಗುಂಟ ಮೇಲೆ ಮೇಲೆ ಸರಿಸುತ್ತ ಹೋದರು. ಗಂಗೆ ಕತ್ತು ಚಾಚಿ, ನಾಲಿಗೆ ಚಾಚಿ, ಇನ್ನು ಆಗದೆಂದು ಬಿಟ್ಟ ಜಾಗದಲ್ಲಿ ನಾನು ಸುಣ್ಣದಿಂದ ಗುರುತು ಹಾಕಿದೆ. ಅದಕ್ಕೆ ಒಂದಡಿ ಸೇರಿಸಿ ಚೀಟಿಯಲ್ಲಿ ಬರೆದುಕೊಂಡೆ.